ಮಡಿದ ಯೋಧರ ಹೆಸರು ಮತ್ತು ಇತಿಹಾಸದ ಪುಟಗಳು

ಯುದ್ಧ ಮುಗಿದ ಮೇಲೆ ರಾಜಕಾರಣಿಗಳ ಹೆಸರು ಒಪ್ಪಂದಗಳಲ್ಲಿ ಉಳಿಯುತ್ತದೆ; ಸೇನಾಪತಿಗಳ ಹೆಸರು ರಸ್ತೆ, ವೃತ್ತಗಳಲ್ಲಿ ಉಳಿಯುತ್ತದೆ. ಕಂದಕದಲ್ಲಿ ಬಿದ್ದು ಸತ್ತ ಸಾಮಾನ್ಯ ಸಿಪಾಯಿಗೆ ಉಳಿಯುವುದು ಎಲ್ಲೋ ಒಂದು ಪಟ್ಟಿಯ ಒಂದು ಸಾಲು ಮಾತ್ರ. ಆ ಸಾಲು ಸ್ಮಾರಕದ ಕಲ್ಲಿನ ಮೇಲಿರಬಹುದು, ಗೆಜೆಟಿಯರಿನಲ್ಲಿರಬಹುದು, ವಿಶ್ವಕೋಶದಲ್ಲೋ ಚರಿತ್ರಕೋಶದಲ್ಲೋ ಇರಬಹುದು. ಮೊಮ್ಮಕ್ಕಳು, ಸಂಶೋಧಕರು, ಶಾಲೆಯ ಮಕ್ಕಳು ಅವನನ್ನು ಹುಡುಕಿಕೊಂಡು ಬಂದಾಗ ಸಿಗುವುದು ಅದೊಂದೇ. ಹೀಗಿರುವಾಗ ಆ ಸಾಲಿನಲ್ಲಿ ಯಾರಿಗೆ ಜಾಗ ಸಿಗಬೇಕು, ಅದನ್ನು ಯಾವ ಮಾತಿನಲ್ಲಿ ಬರೆಯಬೇಕು, ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಸಣ್ಣದಲ್ಲ. ಕಳೆದ ನೂರು ವರ್ಷಗಳಲ್ಲಿ ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಸಿಕ್ಕಿದೆ. ಆ ಉತ್ತರ ಕೊಟ್ಟವರೇ ಅದಕ್ಕೆ ತಪ್ಪಿ ನಡೆದದ್ದೂ ಉಂಟು. ಎರಡನ್ನೂ ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಅಗತ್ಯ.

ಹಳೆಯ ಕಾಲದ ಎರಡು ಪಾಠಗಳು

ಕನ್ನಡ ನಾಡಿಗೆ ಈ ವಿಷಯ ಹೊಸದಲ್ಲ. ಊರಿನ ದನಗಳನ್ನು ಬಿಡಿಸುವಾಗ, ಗಡಿ ಕಾಯುವಾಗ, ಒಡೆಯನ ಪರವಾಗಿ ಹೋರಾಡುವಾಗ ಸತ್ತವರಿಗೆ ವೀರಗಲ್ಲು ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಶತಮಾನಗಳಿಂದ ಇತ್ತು. ಬರಹವಿರುವ ವೀರಗಲ್ಲುಗಳನ್ನು ಓದಿದರೆ ಅವುಗಳಲ್ಲಿ ಒಂದು ಕ್ರಮ ಕಾಣುತ್ತದೆ. ಆಗ ಆಳುತ್ತಿದ್ದವನು ಯಾರು, ಸತ್ತವನು ಯಾರು, ಯಾವ ಸಂದರ್ಭದಲ್ಲಿ ಹೇಗೆ ಸತ್ತ, ಅವನ ಮನೆಯವರಿಗೆ ಏನು ಕೊಡಲಾಯಿತು ಎಂಬ ವಿವರಗಳು ಅಲ್ಲಿ ಚುಟುಕಾಗಿ ಬರುತ್ತವೆ.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇದಕ್ಕೆ ಪ್ರಸಿದ್ಧ ಉದಾಹರಣೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಬೂತುಗನ ಕಡೆಯ ವೀರ ಮಣಲೇರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಪ್ರಾಣಬಿಟ್ಟವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟರು. ಆ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದಿನ ಒಂದು ನಾಯಿಯ ಹೆಸರು ನಮಗೆ ಗೊತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಎರಡನೆಯ ಪಾಠ ಅರಬ್ ಇತಿಹಾಸಕಾರರದು. ಇಬ್ನ್ ಇಸ್‌ಹಾಕ್ ಸಂಗ್ರಹಿಸಿ ಇಬ್ನ್ ಹಿಶಾಮ್ ಪರಿಷ್ಕರಿಸಿದ ಪ್ರವಾದಿ(ಸ)ಯವರ ಚರಿತ್ರೆಯಲ್ಲಿ ಬದ್ರ್ ಮತ್ತು ಉಹುದ್ ಯುದ್ಧಗಳ ವೃತ್ತಾಂತದ ಜೊತೆಗೆ ಪಟ್ಟಿಗಳಿವೆ. ಮಡಿದವರ ಹೆಸರು, ತಂದೆಯ ಹೆಸರು, ಕುಲ ಇವನ್ನು ಅಲ್ಲಿ ಒಬ್ಬೊಬ್ಬರಂತೆ ಬರೆಯಲಾಗಿದೆ. ಗಮನಿಸಬೇಕಾದ ವಿಷಯವೆಂದರೆ ಬದ್ರ್‌ನಲ್ಲಿ ಸತ್ತ ಎದುರು ಪಕ್ಷದ ಕುರೈಷರ ಹೆಸರುಗಳೂ ಅದೇ ಗ್ರಂಥದಲ್ಲಿವೆ. ನಮ್ಮವರೆಂದು ಪಟ್ಟಿಯನ್ನು ಹಿಗ್ಗಿಸಲಿಲ್ಲ, ಶತ್ರುಗಳೆಂದು ಹೆಸರು ಅಳಿಸಲಿಲ್ಲ. ಗೌರವ ಬೇರೆ, ದಾಖಲೆ ಬೇರೆ ಎಂಬ ತಿಳುವಳಿಕೆ ಆ ಕಾಲದ ಬರಹಗಾರರಿಗೆ ಇತ್ತು.

ಎಲ್ಲರಿಗೂ ಒಂದೇ ಅಳತೆಯ ಕಲ್ಲು

ಆಧುನಿಕ ಕಾಲದಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಮೊದಲನೆಯ ಮಹಾಯುದ್ಧದಲ್ಲಿ. ಅದಕ್ಕೆ ಮೊದಲು ಯುರೋಪಿನಲ್ಲೂ ಅಧಿಕಾರಿಗಳಿಗೆ ಸ್ಮಾರಕ, ಸಿಪಾಯಿಗಳಿಗೆ ಸಾಮೂಹಿಕ ಗುಂಡಿ ಎಂಬುದೇ ವಾಡಿಕೆ. ರೆಡ್‌ಕ್ರಾಸ್ ತಂಡದೊಂದಿಗೆ ಫ್ರಾನ್ಸಿಗೆ ಹೋಗಿದ್ದ ಫೇಬಿಯನ್ ವೇರ್ ಎಂಬವರು ಸಮಾಧಿಗಳ ಗುರುತು ಬರೆದಿಡುವ ಕೆಲಸ ಆರಂಭಿಸಿದರು. ಅದರ ಫಲವಾಗಿ 1917ರ ಮೇ 21ರಂದು ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಸ್ಥಾಪನೆಯಾಯಿತು. ಈಗ ಅದನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎನ್ನುತ್ತಾರೆ.

ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕ ಫ್ರೆಡ್ರಿಕ್ ಕೆನ್ಯನ್ 1918ರಲ್ಲಿ ಕೊಟ್ಟ ವರದಿ ಈ ಆಯೋಗದ ಕೆಲಸಕ್ಕೆ ತಳಹದಿಯಾಯಿತು. ಮಡಿದ ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಸ್ಮರಿಸಬೇಕು, ಕಲ್ಲುಗಳು ಒಂದೇ ಅಳತೆಯವಾಗಿರಬೇಕು, ಹುದ್ದೆ, ಜನಾಂಗ, ಧರ್ಮ ನೋಡಿ ಭೇದ ಮಾಡಬಾರದು ಎಂಬುದು ಅದರ ತತ್ವ. ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಮಗನ ಶವವನ್ನು ಊರಿಗೆ ತರಬೇಕು, ನಮ್ಮ ಇಷ್ಟದಂತೆ ಸ್ಮಾರಕ ಕಟ್ಟಬೇಕು ಎಂದು ಸಾವಿರಾರು ತಂದೆತಾಯಂದಿರು ಅರ್ಜಿ ಹಾಕಿದರು. 1920ರ ಮೇ 4ರಂದು ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಈ ಬಗ್ಗೆ ದೀರ್ಘ ಚರ್ಚೆ ನಡೆಯಿತು. ಕೊನೆಗೆ ಸಮಾನತೆಯ ತತ್ವವೇ ಗೆದ್ದಿತು. ಉಳ್ಳವರಿಗೆ ಅಮೃತಶಿಲೆ, ಇಲ್ಲದವರಿಗೆ ಮರದ ಗೂಟ ಎಂದಾಗಬಾರದು ಎಂಬುದೇ ಅದರ ಆಶಯವಾಗಿತ್ತು.

ಈ ತತ್ವದ ಫಲ ನಮ್ಮವರಿಗೂ ಕೆಲವೆಡೆ ದೊರೆಯಿತು. ಫ್ರಾನ್ಸಿನ ನವ್‌ಶಪೆಲ್‌ನಲ್ಲಿ 1915ರ ಮಾರ್ಚ್‌ನಲ್ಲಿ ಭಾರತೀಯ ಸೈನಿಕರು ಅಪಾರ ಸಂಖ್ಯೆಯಲ್ಲಿ ಮಡಿದರು. ಅಲ್ಲಿ 1927ರಲ್ಲಿ ಉದ್ಘಾಟನೆಯಾದ ಸ್ಮಾರಕದಲ್ಲಿ, ಸಮಾಧಿ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಅಲ್ಲಿನ ಸ್ತಂಭದ ಮೇಲೆ ಇಂಗ್ಲಿಷ್ ಜೊತೆಗೆ ಅರಬಿ, ಹಿಂದಿ, ಗುರುಮುಖಿ ಬರಹಗಳಿವೆ. ಆಯೋಗದ ದಾಖಲೆ ಪುಸ್ತಕಗಳಲ್ಲಿ ಅನೇಕ ಭಾರತೀಯ ಸಿಪಾಯಿಗಳ ತಂದೆಯ ಹೆಸರು, ಹಳ್ಳಿ, ಜಿಲ್ಲೆಗಳನ್ನೂ ಬರೆಯಲಾಗಿದೆ. ಒಂದು ಕುಟುಂಬ ತನ್ನ ಹಿರಿಯನನ್ನು ಗುರುತಿಸಲು ಇಷ್ಟು ಸಾಕು.

ಬಸ್ರಾದಲ್ಲಿ ನಡೆದದ್ದು

ಆದರೆ ಫ್ರಾನ್ಸಿನಲ್ಲಿ ನಡೆದ ನ್ಯಾಯ ಇರಾಕಿನಲ್ಲಿ ನಡೆಯಲಿಲ್ಲ. ಅಂದಿನ ಮೆಸೊಪೊಟೇಮಿಯಾದ ರಣರಂಗದಲ್ಲಿ ಹೋರಾಡಿದವರಲ್ಲಿ ಹೆಚ್ಚಿನವರು ಭಾರತೀಯರು. 1929ರಲ್ಲಿ ಉದ್ಘಾಟನೆಯಾದ ಬಸ್ರಾ ಸ್ಮಾರಕ ಸಮಾಧಿ ಇಲ್ಲದ 40,000ಕ್ಕೂ ಹೆಚ್ಚು ಯೋಧರ ಸ್ಮರಣೆಗಾಗಿ ಕಟ್ಟಿದ್ದು. ಅದರಲ್ಲಿ ಬ್ರಿಟಿಷರ ಹೆಸರುಗಳನ್ನು, ಅಧಿಕಾರಿಯಿಂದ ಸಾಮಾನ್ಯ ಸಿಪಾಯಿಯವರೆಗೆ, ಕೆತ್ತಿದರು. ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಭಾರತೀಯ ಹವಾಲ್ದಾರ, ನಾಯಕ್, ಸಿಪಾಯಿಗಳ ಸರದಿ ಬಂದಾಗ ಮಾತ್ರ ರೆಜಿಮೆಂಟಿನ ಹೆಸರು ಬರೆದು, ಅದರ ಕೆಳಗೆ ಇಷ್ಟು ಮಂದಿ ಎಂದು ಸಂಖ್ಯೆ ಹಾಕಿ ಮುಗಿಸಿದರು. ಹೀಗೆ ಅಂಕಿಯಾಗಿ ಹೋದವರು 30,000ಕ್ಕೂ ಹೆಚ್ಚು ಮಂದಿ.

ಆಫ್ರಿಕಾದಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದಾಗಿತ್ತು. ಹೊರೆ ಹೊತ್ತು, ರೋಗದಿಂದ, ಹಸಿವಿನಿಂದ ಸತ್ತ ಲಕ್ಷಾಂತರ ಕೂಲಿಗಳ ಲೆಕ್ಕವನ್ನೇ ಸರಿಯಾಗಿ ಇಡಲಿಲ್ಲ. ಈಗ ಘಾನಾ ಆಗಿರುವ ಗೋಲ್ಡ್ ಕೋಸ್ಟಿನ ಗವರ್ನರ್, ಅಲ್ಲಿನ ಸ್ಥಳೀಯರಿಗೆ ಸಮಾಧಿ ಕಲ್ಲಿನ ಬೆಲೆ ತಿಳಿಯದು ಎಂಬರ್ಥದ ಮಾತನ್ನು 1923ರಲ್ಲಿ ಆಡಿದ್ದು ದಾಖಲಾಗಿದೆ. ನೈರೋಬಿಯಲ್ಲಿರುವ ಅಸ್ಕಾರಿ ಸ್ಮಾರಕದ ಬರಹವನ್ನು ರಚಿಸಿದವರು ಕವಿ ರಡ್ಯಾರ್ಡ್ ಕಿಪ್ಲಿಂಗ್. ನೀವು ಸತ್ತರೂ ನಿಮ್ಮ ಮಕ್ಕಳು ನಿಮ್ಮ ಹೆಸರನ್ನು ನೆನೆಯುತ್ತಾರೆ ಎಂದು ಅದು ಆಶ್ವಾಸನೆ ಕೊಡುತ್ತದೆ. ಆದರೆ ಆ ಸ್ಮಾರಕದಲ್ಲಿ ಸತ್ತವರ ಹೆಸರುಗಳೇ ಇಲ್ಲ.

ಆತಕೂರಿನ ಕಲ್ಲನ್ನು ಇಲ್ಲಿ ನೆನೆಯಬೇಕು. ಹತ್ತನೆಯ ಶತಮಾನದ ಕನ್ನಡಿಗರು ಒಂದು ನಾಯಿಗೆ ಕೊಟ್ಟ ಮರ್ಯಾದೆಯನ್ನು ಇಪ್ಪತ್ತನೆಯ ಶತಮಾನದ ಸಾಮ್ರಾಜ್ಯ ತನಗಾಗಿ ಸತ್ತ ಸಿಪಾಯಿಗೆ ಕೊಡಲಿಲ್ಲ.

ಹೀಗೆ ಬಿಟ್ಟುಹೋದವರ ವಿಷಯ ಬಹಳ ಕಾಲ ಸಂಶೋಧಕರ ನಡುವೆಯೇ ಉಳಿದಿತ್ತು. 2019ರಲ್ಲಿ ಬ್ರಿಟನ್ನಿನ ಸಂಸದ ಡೇವಿಡ್ ಲ್ಯಾಮಿ ನಿರೂಪಿಸಿದ ದೂರದರ್ಶನ ಸಾಕ್ಷ್ಯಚಿತ್ರವೊಂದು ಅದನ್ನು ಸಾರ್ವಜನಿಕರ ಮುಂದಿಟ್ಟ ಮೇಲೆ ಆಯೋಗ ತನಿಖಾ ಸಮಿತಿ ನೇಮಿಸಿತು. 2021ರ ಏಪ್ರಿಲ್ 22ರಂದು ವರದಿ ಪ್ರಕಟವಾಯಿತು. 45,000ದಿಂದ 54,000 ಮಂದಿಯನ್ನು ಅಸಮಾನ ರೀತಿಯಲ್ಲಿ ಸ್ಮರಿಸಲಾಗಿದೆ; ಕನಿಷ್ಠ 1,16,000, ಪ್ರಾಯಶಃ 3,50,000ದಷ್ಟು ಮಂದಿಯ ಹೆಸರು ಎಲ್ಲಿಯೂ ಬಂದಿಲ್ಲ ಎಂದು ಅದು ಅಂದಾಜಿಸಿತು. ಇದಕ್ಕೆ ಅಂದಿನ ಜನಾಂಗೀಯ ಪೂರ್ವಗ್ರಹವೇ ಕಾರಣವೆಂದು ಒಪ್ಪಿಕೊಂಡಿತು. ಅದೇ ದಿನ ಬ್ರಿಟನ್ನಿನ ರಕ್ಷಣಾ ಸಚಿವರು ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು.

ಕ್ಷಮೆಯ ಜೊತೆಗೆ ಸ್ವಲ್ಪ ಕೆಲಸವೂ ನಡೆದಿದೆ. 2025ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ 1,700ಕ್ಕೂ ಹೆಚ್ಚು ಕಪ್ಪು ದಕ್ಷಿಣ ಆಫ್ರಿಕನ್ ಶ್ರಮಿಕರ ಹೆಸರುಗಳುಳ್ಳ ಸ್ಮಾರಕ ತೆರೆಯಿತು. ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ನೂರು ವರ್ಷ ಯಾರೂ ತೆರೆಯದೆ ಇದ್ದ ಪಂಜಾಬಿನ ರಿಜಿಸ್ಟರುಗಳಲ್ಲಿ ಸುಮಾರು 3,20,000 ಸೈನಿಕರ ವಿವರ ಹಳ್ಳಿವಾರು ಸಿಕ್ಕಿದ್ದು, ಅವನ್ನು 2021ರಿಂದ ಗಣಕೀಕರಿಸಿ ಜನರ ಕೈಗೆ ಕೊಡಲಾಗುತ್ತಿದೆ. ಇಂಗ್ಲೆಂಡಿನ ಬ್ರೈಟನ್ ಬಳಿ ಆಸ್ಪತ್ರೆಯಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಯೋಧರ ದಹನಭೂಮಿಯಲ್ಲಿ 1921ರಲ್ಲೇ ಛತ್ರಿಯೊಂದನ್ನು ಕಟ್ಟಿದ್ದರು. ಅವರ ಹೆಸರುಗಳು ಕಲ್ಲಿನ ಮೇಲೆ ಬಂದದ್ದು 2010ರಲ್ಲಿ! ತಡವಾದರೂ ಹೆಸರು ಬರಬಹುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಎಲ್ಲಿಯೋ ಒಂದು ಪಟ್ಟಿ ಉಳಿದಿದ್ದರೆ ಮಾತ್ರ.

ಇಂಡಿಯಾ ಗೇಟಿನ ಸುಳ್ಳು ಲೆಕ್ಕ

ಇಲ್ಲಿಯವರೆಗೆ ಆಳುವವರ ತಪ್ಪನ್ನು ನೋಡಿದೆವು. ಈಗ ನಮ್ಮ ನಡುವೆಯೇ ಓಡಾಡುವ ಒಂದು ತಪ್ಪನ್ನೂ ನೋಡೋಣ. ದೆಹಲಿಯ ಇಂಡಿಯಾ ಗೇಟಿನಲ್ಲಿ 95,300 ಸ್ವಾತಂತ್ರ್ಯ ಹೋರಾಟಗಾರರ ಹೆಸರುಗಳಿವೆ, ಅದರಲ್ಲಿ 60,000ಕ್ಕೂ ಹೆಚ್ಚು ಮುಸ್ಲಿಮರವು ಎಂಬ ಸಂದೇಶ ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದೆ. ಸಭೆಗಳಲ್ಲಿ ಭಾಷಣಕಾರರೂ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ.

ಇದು ಸತ್ಯವಲ್ಲ. ಲುಟಿಯೆನ್ಸ್ ವಿನ್ಯಾಸದ ಇಂಡಿಯಾ ಗೇಟ್ 1931ರಲ್ಲಿ ಉದ್ಘಾಟನೆಯಾದದ್ದು ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಮಡಿದವರ ಸ್ಮಾರಕವಾಗಿ. ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿ ಅಲ್ಲಿಲ್ಲ. ಅಲ್ಲಿರುವುದು 13,000ಕ್ಕೂ ಹೆಚ್ಚು ಹೆಸರುಗಳು. ಮುಖ್ಯವಾಗಿ ವಾಯವ್ಯ ಗಡಿಯಲ್ಲಿ ಮತ್ತು 1919ರ ಆಫ್ಘನ್ ಯುದ್ಧದಲ್ಲಿ ಸತ್ತವರವು. ಧರ್ಮವಾರು ಲೆಕ್ಕ ಆ ಕಲ್ಲಿನ ಮೇಲೆ ಎಲ್ಲಿಯೂ ಇಲ್ಲ. ಖಾನ್, ಸಿಂಗ್, ರಾಮ್, ಥಾಪಾ ಎಂದು ಮುಗಿಯುವ ಹೆಸರುಗಳು ಅಕ್ಕಪಕ್ಕದಲ್ಲೇ ಇವೆ.

ಒಳ್ಳೆಯ ಉದ್ದೇಶಕ್ಕೆ ಹೇಳಿದ ಸುಳ್ಳಲ್ಲವೇ, ಅದರಿಂದ ಏನು ತೊಂದರೆ ಎಂದು ಕೆಲವರು ಕೇಳಬಹುದು. ತೊಂದರೆ ದೊಡ್ಡದೇ ಇದೆ. ಸುಳ್ಳು ಲೆಕ್ಕ ಒಮ್ಮೆ ಬಯಲಾದರೆ, ಅದರ ಪಕ್ಕದಲ್ಲಿರುವ ನಿಜವಾದ ಹೆಸರುಗಳನ್ನೂ ಜನ ಅನುಮಾನಿಸುತ್ತಾರೆ. ಎರಡನೆಯದಾಗಿ, ಬಸ್ರಾದಲ್ಲಿ ಸಾಮ್ರಾಜ್ಯ ಮಾಡಿದ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ: ಮನುಷ್ಯನ ಹೆಸರು ಬಿಟ್ಟು ಅಂಕಿಯನ್ನು ಹಿಡಿದುಕೊಂಡಂತೆ. ಹದೀಸ್ ಶಾಸ್ತ್ರದಲ್ಲಿ ಒಂದು ಮಾತನ್ನು ಒಪ್ಪುವ ಮೊದಲು ಅದು ಯಾರಿಂದ ಯಾರಿಗೆ ಬಂತು ಎಂದು ಸನದನ್ನು ಪರೀಕ್ಷಿಸುವ ಪರಂಪರೆ ನಮಗಿದೆ. ಯೋಧರ ವಿಷಯದಲ್ಲಿ ಆ ಎಚ್ಚರ ಏಕೆ ಬೇಡ?

ಯಾವ ಪದ? ಯಾವ ವಾಕ್ಯ?

ಹೆಸರು ಸೇರಿದ ಮೇಲೆ ಮುಂದಿನ ಪ್ರಶ್ನೆ ಪದದ್ದು. ಪತ್ರಿಕೆಗಳು ಸತ್ತ ಸೈನಿಕನನ್ನು ‘ಹುತಾತ್ಮ’ ಎಂದು ಬರೆಯುತ್ತವೆ. ಉರ್ದುವಿನಲ್ಲಿ ‘ಶಹೀದ್’ ಎನ್ನುತ್ತೇವೆ. ಹುತಾತ್ಮ ಎಂದರೆ ತನ್ನನ್ನು ಆಹುತಿಯಾಗಿ ಅರ್ಪಿಸಿಕೊಂಡವನು. ಶಹೀದ್ ಪದದ ಮೂಲದಲ್ಲಿ ಸಾಕ್ಷಿ ನುಡಿಯುವವನು ಎಂಬ ಅರ್ಥವಿದೆ. ಎರಡೂ ಭಕ್ತಿಯಿಂದ ಹುಟ್ಟಿದ ಪದಗಳು. ಭಾರತೀಯ ಸೇನೆಯ ಕೇಂದ್ರ ಕಚೇರಿ 2022ರ ಫೆಬ್ರವರಿಯಲ್ಲಿ ತನ್ನ ಕಮಾಂಡ್‌ಗಳಿಗೆ ಪತ್ರ ಬರೆದು, ಕರ್ತವ್ಯದಲ್ಲಿ ಮಡಿದವರಿಗೆ ಇಂಗ್ಲಿಷಿನ ‘ಮಾರ್ಟರ್’ ಪದ ಬಳಸುವುದು ಸರಿಯಲ್ಲ ಎಂದು ತಿಳಿಸಿತು. ಧರ್ಮಕ್ಕಾಗಿ ಅಥವಾ ರಾಜಕೀಯ ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು ಆ ಪದ ಸೂಚಿಸುತ್ತದೆ ಎಂಬುದು ಅದು ಕೊಟ್ಟ ಕಾರಣ. ಮನೆಯಲ್ಲಿ, ಮಸೀದಿಯಲ್ಲಿ, ಶ್ರದ್ಧಾಂಜಲಿ ಸಭೆಯಲ್ಲಿ ಯಾವ ಪದವನ್ನು ಬೇಕಾದರೂ ಬಳಸಬಹುದು. ಅದು ದುಃಖಿಸುವವರ ಹಕ್ಕು. ವಿಶ್ವಕೋಶದಲ್ಲಿ ಮಾತ್ರ ‘ಯುದ್ಧದಲ್ಲಿ ಮಡಿದರು’ ಎಂದರೆ ಸಾಕು. ಅದು ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್ ಅವರ ಉದಾಹರಣೆ ನೋಡಿ. 1912ರಲ್ಲಿ ಜನಿಸಿದ ಅವರು 50 ಪ್ಯಾರಾ ಬ್ರಿಗೇಡಿನ ನಾಯಕರಾಗಿ 1948ರ ಫೆಬ್ರವರಿಯಲ್ಲಿ ನೌಶೇರಾವನ್ನು ಉಳಿಸಿದರು, ಮಾರ್ಚ್‌ನಲ್ಲಿ ಝಂಗರನ್ನು ಮರಳಿ ಗೆದ್ದರು, ಜುಲೈ 3ರಂದು ಅಲ್ಲಿಯೇ ಶೆಲ್ ದಾಳಿಗೆ ಬಲಿಯಾದರು. ಮರಣೋತ್ತರ ಮಹಾವೀರ ಚಕ್ರ ಪಡೆದ ಅವರ ಸಮಾಧಿ ದೆಹಲಿಯ ಜಾಮಿಯಾ ಮಿಲ್ಲಿಯಾ ಬಳಿ ಇದೆ. ಇಷ್ಟೆಲ್ಲ ಇದ್ದರೂ ಅವರ ಬಗೆಗಿನ ಬರಹಗಳು ಸಾಮಾನ್ಯವಾಗಿ ಆರಂಭವಾಗುವುದು, ಅವರು ಪಾಕಿಸ್ತಾನಕ್ಕೆ ಹೋಗಲು ಒಪ್ಪಲಿಲ್ಲ ಎಂಬ ಮಾತಿನಿಂದ. ಆ ಮಾತು ಅವರ ಜೀವನದ ಮುಖ್ಯ ಸಂಗತಿಯೇ; ಬಿಡಬೇಕೆಂದಲ್ಲ. ಆದರೆ ಬೇರೆ ಸೇನಾನಿಗಳ ನಮೂದು ಯುದ್ಧಕೌಶಲದಿಂದ ಆರಂಭವಾಗಿ, ಇವರದು ಮಾತ್ರ ನಿಷ್ಠೆಯ ಪ್ರಮಾಣಪತ್ರದಂತೆ ಆರಂಭವಾದರೆ, ಹೊಗಳಿಕೆಯ ಒಳಗೇ ಒಂದು ಅನುಮಾನವನ್ನು ಇಟ್ಟಂತಾಗುತ್ತದೆ. ನೌಶೇರಾದ ಹೆಸರು ಮೊದಲು ಬರಲಿ.

ಹವಾಲ್ದಾರ್ ಅಬ್ದುಲ್ ಹಮೀದ್ ಅವರದು ಇನ್ನೊಂದು ಬಗೆ. 4 ಗ್ರೆನೇಡಿಯರ್ಸ್‌ನ ಈ ಯೋಧ 1965ರ ಸೆಪ್ಟೆಂಬರ್ 10ರಂದು ಖೇಮಕರಣ್ ವಲಯದಲ್ಲಿ ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದುರುಳಿಸುತ್ತಾ ಮಡಿದು, ಪರಮವೀರ ಚಕ್ರ ಪಡೆದರು. ಅವರು ನಾಶಮಾಡಿದ ಟ್ಯಾಂಕುಗಳ ಸಂಖ್ಯೆ ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗಿದೆ. ಪರಾಮರ್ಶನ ಗ್ರಂಥ ಬರೆಯುವವರು ಇಲ್ಲಿ ದೊಡ್ಡ ಸಂಖ್ಯೆಯನ್ನು ಆರಿಸಿಕೊಳ್ಳಬಾರದು. ಯಾವ ಮೂಲ ಏನು ಹೇಳುತ್ತದೆ ಎಂದು ಬರೆಯಬೇಕು. ಒಂದು ಟ್ಯಾಂಕ್ ಕಡಿಮೆಯಾದರೆ ಹಮೀದರ ಶೌರ್ಯ ಕಡಿಮೆಯಾಗುವುದಿಲ್ಲ.

ಒಂದು ತಿದ್ದುಪಡಿ, ಎರಡು ಹೆಸರು

ದಾಖಲೆಯನ್ನು ತಿದ್ದುವುದು ಎಷ್ಟು ಮುಖ್ಯವೆಂದು ತಿಳಿಯಲು ನೂರ್ ಇನಾಯತ್ ಖಾನರ ಕಥೆ ಸಾಕು. ಟಿಪ್ಪು ಸುಲ್ತಾನರ ವಂಶದ ಈ ಹೆಣ್ಣುಮಗಳು 1914ರಲ್ಲಿ ಮಾಸ್ಕೋದಲ್ಲಿ ಜನಿಸಿ, ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಪರವಾಗಿ ಜರ್ಮನರ ವಶದಲ್ಲಿದ್ದ ಪ್ಯಾರಿಸಿನಲ್ಲಿ ಗುಪ್ತ ರೇಡಿಯೊ ನಿರ್ವಾಹಕಿಯಾಗಿದ್ದರು. ಸೆರೆಸಿಕ್ಕು ಹಿಂಸೆಗೊಳಗಾದರು. ಯುದ್ಧ ಮುಗಿದ ಮೇಲೆ ನಡೆದ ಮೊದಲ ವಿಚಾರಣೆಯಲ್ಲಿ, ನಾಟ್ಸ್‌ವೈಲರ್ ಶಿಬಿರದಲ್ಲಿ 1944ರ ಜುಲೈನಲ್ಲಿ ಕೊಲ್ಲಲ್ಪಟ್ಟ ನಾಲ್ವರು ಮಹಿಳೆಯರಲ್ಲಿ ನೂರ್ ಒಬ್ಬರೆಂದು ಭಾವಿಸಲಾಗಿತ್ತು. ಮತ್ತೆ ಪರಿಶೀಲಿಸಿದಾಗ ಅವರನ್ನು 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಕೊಂದದ್ದು ಸ್ಪಷ್ಟವಾಯಿತು. ಹಾಗಾದರೆ ನಾಟ್ಸ್‌ವೈಲರಿನ ನಾಲ್ಕನೆಯ ಮಹಿಳೆ ಯಾರು? ಆಕೆ ಸೋನಿಯಾ ಓಲ್‌ಶಾನೆಸ್ಕಿ ಎಂಬ ಯಹೂದಿ ಯುವತಿ ಎಂದು ಆಮೇಲೆ ಗೊತ್ತಾಯಿತು. ಒಂದು ತಪ್ಪು ನಮೂದು ಇಬ್ಬರಿಗೂ ಅನ್ಯಾಯ ಮಾಡಿತ್ತು. ಒಂದು ತಿದ್ದುಪಡಿ ಇಬ್ಬರಿಗೂ ಅವರವರ ಸಾವಿನ ಸತ್ಯವನ್ನು ಮರಳಿಸಿತು. ನೂರ್‌ರಿಗೆ 1949ರಲ್ಲಿ ಜಾರ್ಜ್ ಕ್ರಾಸ್ ದೊರೆಯಿತು. ಇಂಗ್ಲೆಂಡಿನ ರನ್ನಿಮೀಡ್‌ನಲ್ಲಿ, ಸಮಾಧಿ ಇಲ್ಲದ ವಾಯುಪಡೆಯವರ ಸ್ಮಾರಕದಲ್ಲಿ ಅವರ ಹೆಸರು ಇತರರ ಸಾಲಿನಲ್ಲೇ ಇದೆ.

ನಾವು ಮಾಡಬೇಕಾದದ್ದು

ಈ ಎಲ್ಲ ಸಂಗತಿಗಳಿಂದ ಕೆಲವು ನಿಯಮಗಳನ್ನು ಹೆಕ್ಕಿಕೊಳ್ಳಬಹುದು. ಮೊದಲನೆಯದು, ಎಲ್ಲರಿಗೂ ಒಂದೇ ಕಾಲಮ್ಮುಗಳು: ಹೆಸರು, ತಂದೆತಾಯಿ, ಊರು, ದಳ, ಹುದ್ದೆ, ಸತ್ತ ದಿನ, ಸ್ಥಳ, ಸಮಾಧಿ ಅಥವಾ ಸ್ಮಾರಕ. ಬ್ರಿಗೇಡಿಯರಿಗೂ ಭಿಸ್ತಿಗೂ ಇವು ಒಂದೇ ಆಗಿರಬೇಕು. ಎರಡನೆಯದು, ಹೆಸರನ್ನು ಆ ಕುಟುಂಬ ಉಚ್ಚರಿಸುವಂತೆ ಬರೆಯಬೇಕು. ಇಂಗ್ಲಿಷ್ ಗುಮಾಸ್ತ ಬರೆದ ರೂಪವನ್ನೂ ಪಕ್ಕದಲ್ಲಿಡಬೇಕು, ಏಕೆಂದರೆ ಹಳೆಯ ಕಡತದಲ್ಲಿ ಹುಡುಕುವವರಿಗೆ ಅದು ಬೇಕು. ಮೂರನೆಯದು, ಗೊತ್ತಿಲ್ಲದ ಕಾಲಮ್ಮನ್ನು ಖಾಲಿ ಬಿಡಬೇಕು, ಊಹೆಯಿಂದ ತುಂಬಬಾರದು. ನಾಲ್ಕನೆಯದು, ವಿಶೇಷಣಗಳನ್ನು ಕಡಿಮೆ ಮಾಡಿ ಸಂಗತಿಗಳನ್ನು ಹೆಚ್ಚು ಮಾಡಬೇಕು. ಐದನೆಯದು, ತಿದ್ದುವ ಬಾಗಿಲು ಯಾವಾಗಲೂ ತೆರೆದಿರಬೇಕು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಸಾಕಷ್ಟು ಅವಕಾಶವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಆ ಪಡೆಯ ಹೆಸರು ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿದೆ. ಅದರ ಒಬ್ಬ ಸವಾರನ ಹೆಸರು ಹೇಳಿರೆಂದರೆ ಎಷ್ಟು ಮಂದಿ ಹೇಳಿಯಾರು? ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಸಮರ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಅದರಲ್ಲಿ ನಮ್ಮ ತಾಲ್ಲೂಕಿನವರು ಯಾರು ಎಂದು ಹುಡುಕಿ, ಅವರ ಮನೆಗೆ ಹೋಗಿ, ಹಿರಿಯರನ್ನು ಕಂಡು, ಫೋಟೊ, ಪೆನ್ಷನ್ ಕಾಗದ, ಪತ್ರಗಳನ್ನು ನೋಡಿ ಬರೆದಿಡುವ ಕೆಲಸವನ್ನು ಒಂದು ಪ್ರೌಢಶಾಲೆಯ ಇತಿಹಾಸ ಸಂಘವೂ ಮಾಡಬಹುದು. ಕಾಮನ್‌ವೆಲ್ತ್ ಆಯೋಗದ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗಾಗಿ ಊರೂರು ತಿರುಗಿಸಿ ವೀರಗಲ್ಲುಗಳ ಬರಹವನ್ನು ಎತ್ತಿಸಿರದಿದ್ದರೆ, ಅವುಗಳಲ್ಲಿ ಎಷ್ಟೋ ಇಂದು ಬಟ್ಟೆ ಒಗೆಯುವ ಕಲ್ಲಾಗಿ ಸವೆದು ಹೋಗಿರುತ್ತಿದ್ದವು.

ಈ ಕೆಲಸದಲ್ಲಿ ನಮ್ಮವರನ್ನಷ್ಟೇ ಹುಡುಕುತ್ತೇವೆ ಎಂಬ ಸಂಕುಚಿತತೆ ಬೇಡ. ಒಂದೇ ಕಂದಕದಲ್ಲಿ ಸತ್ತವರನ್ನು ಪುಸ್ತಕದಲ್ಲಿ ಬೇರೆ ಬೇರೆ ಮಾಡುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸುವ ಪಟ್ಟಿಯಲ್ಲಿ ಊರಿನ ಎಲ್ಲ ಮನೆಗಳ ಹೆಸರೂ ಇರಲಿ, ಪ್ರತಿಯೊಂದೂ ಸರಿಯಾಗಿರಲಿ. ಮಡಿದವರು ತಮ್ಮ ಬಗ್ಗೆ ಏನನ್ನೂ ಹೇಳಲಾರರು. ಅವರ ಪರವಾಗಿ ಸತ್ಯ ಹೇಳುವ ಹೊಣೆ ಬರೆಯುವವರದು.